ಇನ್ನೂರಾ ಹನ್ನೆರಡನೆಯ ಪುಟ

ಬೆಳಿಗ್ಗೆ ಒಂಬತ್ತೂವರೆ. ಕೌಲ್‌ಬಜಾರಿನ ನಮ್ಮ ಶೆಡ್ಡಿನಲ್ಲಿ
ಮಿಷನ್ನುಗಳು ಶುರುವಾಗುವ ಮೊದಲು
ತುಂಗಾಬಾಯಿಯ ವಿಚಾರಣೆ ಶುರುವಾಗುತ್ತದೆ.

ನೂರೈವತ್ತು ವರ್ಷದ ಹಿಂದಿನ ವಾಡೆ, ಆಕೆ ಅಲ್ಲಿಯ ಸೊಸೆ.
ರಾತ್ರಿ ಎಂಟೂವರೆಗೆ ಟೀವಿಯಲ್ಲಿ ಬರುತ್ತಾಳೆ,
ನಡುನಡುವೆ ಮೂರು ಸಲ ಸೋಪಿನ ಪುಡಿ.

ಮೊದಲ ಮಾತು ರಮಿಜಾಬಿಯದು.
ಇಪ್ಪತ್ತೆರಡು ವರ್ಷ ಜೀನ್ಸು ಹೊಲಿದ ಕಣ್ಣು ಅದು.
"ಕುಬುಸದ ಬೆನ್ನಿಗೆ ಜಿಪ್ಪಿತ್ತು, ನಾ ನೋಡೀನಿ.
ಸೆರಗು ಜಾರಿದ್ದು ಒಂದ ಗಳಿಗಿ, ಅಷ್ಟ ಸಾಕು.
ಅಂಚಿಗೆ ಇಂಟರ್‌ಲಾಕು ಬ್ಯಾರೆ!
ಕಂಪನಿ ಸರಕಾರದಾಗ ಇಂಟರ್‌ಲಾಕು ಎಲ್ಲಿತ್ತವ್ವಾ?"
ಅದು ಅತ್ತೆ ಸಾಯುವ ದೃಶ್ಯ.
ನಾವೆಲ್ಲ ಅತ್ತಿದ್ದೆವು. ಈಕೆ ಹೊಲಿಗೆ ಎಣಿಸಿದ್ದಳು.

ಸುಂಕಮ್ಮನ ತಕರಾರು ಬಿಸಿಲಿನದು.
"ಬಳ್ಳಾರಿ ಕಥಿ ಅಂತಾರ. ಚೈತ್ರದಾಗ ಲಗ್ನ,
ನಡುಮಧ್ಯಾಹ್ನ, ಅಷ್ಟು ಮಂದಿ ಹಂದರದಾಗ,
ಒಬ್ಬರ ಕಂಕುಳಾನೂ ತೊಯ್ದಿಲ್ಲ.
ಸಿಟ್ಟು ಬಂದಾಗರ ಒಂದು ತೆಲುಗು ಮಾತು ಬ್ಯಾಡಾ?
ಆ ಮಾವ ಬೈಯೋದು ಕೇಳಿದ್ರ
ಬ್ಯಾಂಕಿನ ನೋಟೀಸು ಓದಿದಂಗೈತಿ."

ಪಂಪಾಪತಿ ಮೇಸ್ತ್ರಿ ಹಿಂದೊಮ್ಮೆ
ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದ ಮನುಷ್ಯ,
ಬಟ್ಟೆ ಕತ್ತರಿಸುವಾಗಲೂ ಹುಬ್ಬು ಕುಣಿಯುತ್ತವೆ.
"ಅಳಾಕ ಕಂಠ ಬೇಕು. ಹಿಂದಿನ ಬೆಂಚಿನಾಂವಗೆ ಮುಟ್ಟಬೇಕು."
"ಟೀವಿಗೆ ಹಿಂದಿನ ಬೆಂಚು ಎಲ್ಲೈತಿ ಮೇಸ್ತ್ರಿ?"
ಅಂದಳು ರಮಿಜಾಬಿ.
ಆತ ಬಹಳ ಹೊತ್ತು ಒಂದೇ ಗೆರೆಗೆ ಚಾಕು ಉಜ್ಜಿದ.

ಎರ್ರೆಮ್ಮ ದಾರ ಕತ್ತರಿಸುವಾಕೆ.
ಯಾರ ಮಾತಿಗೂ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ.
ನೀಲಿ ಹತ್ತಿದ ಉಗುರು ನೋಡಿಕೊಳ್ಳುತ್ತ
ಒಂದು ದಿನ ಕೇಳಿದಳು:
"ಆಕಿ ಉಣ್ಣೋದು ಯಾವಾಗ?
ಎರಡು ತಿಂಗಳಾತು ನೋಡಾಕತ್ತು,
ಬಡಿಸಿದ್ದ ಬಡಿಸಿದ್ದು.
ಒಂದು ತುತ್ತು ಬಾಯಿಗಿಟ್ಟಿದ್ದು ತೋರಿಸಿಲ್ಲ."
ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.
"ಪುಸ್ತಕದಾಗ ಏನೈತಿ?"

ಓದಿದವಳು ನಾನೊಬ್ಬಳೇ.
ಪಿಯುಸಿ ಫೇಲು, ಕಾಜಾ ಮಿಷನ್ನಿನ ಮುಂದೆ ಕೂತವಳು,
ಆದರೂ ಇಲ್ಲಿ ಜಡ್ಜು.
ಮೋತಿ ಸರ್ಕಲ್ಲಿನ ಹತ್ತಿರ ಗುಜರಿಯಲ್ಲಿ
ತೂಕಕ್ಕೆ ಸಿಕ್ಕ ಕಾದಂಬರಿ ಅದು,
ಯಾರೋ ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆಲ್ಲ
"ಸುಳ್ಳು", "ಸುಳ್ಳು", "ಇದು ನಿಜ" ಎಂದು ಬರೆದಿದ್ದರು.

"ಕೊನಿಗೆ ಏನಾಕತಿ ಅದನ್ನರ ಹೇಳು."
ಹೇಳಿದೆ: "ಗಾಡಿ ಹತ್ತಿ ಹೋಗಿಬಿಡ್ತಾಳ. ತಿರುಗಿ ನೋಡಂಗಿಲ್ಲ."
ರಮಿಜಾಬಿಯ ಕಾಲು ಪೆಡಲಿನ ಮೇಲೆ ನಿಂತಿತು.
"ಹೋಗ್ಲಿ ಬಿಡು," ಅಂದಳು ಸುಂಕಮ್ಮ,
ತಾನೇ ಕಳಿಸಿಕೊಟ್ಟ ಹಾಗೆ.

ಕಳೆದ ಶುಕ್ರವಾರ ಮುಗಿಯಿತು.
ಗಂಡ ಬಂದ, ಕಾಲಿಗೆ ಬಿದ್ದ.
ಆಕೆ ಎತ್ತಿದಳು, ದೀಪ ಹಚ್ಚಿದಳು.
ಫೋಟೋಕ್ಕೆ ನಿಂತಂತೆ ನಿಂತಿತು ಇಡೀ ಮನೆತನ.

ಶನಿವಾರ ಶೆಡ್ಡಿನಲ್ಲಿ ಬೆಂಕಿ.
"ಪುಸ್ತಕಾನ ಕೆಡಿಸಿಬಿಟ್ರಲ್ಲ!"
"ಬರೆದಾಂವ ಸತ್ತಾನಂತ ಹಿಂಗ ಮಾಡೋದಾ?"
"ಗಾಡಿ ಖರ್ಚು ಉಳಿಸ್ಯಾರ," ಅಂದ ಮೇಸ್ತ್ರಿ.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ,
ಪೋಣಿಸಿದ್ದನ್ನೇ ತೆಗೆದು ಮತ್ತೆ ಪೋಣಿಸುತ್ತಿದ್ದೆ.

ಯಾಕೆಂದರೆ ನನ್ನ ಪುಸ್ತಕಕ್ಕೆ ಕೊನೆಯಿಲ್ಲ.
ಇನ್ನೂರಾ ಹನ್ನೆರಡನೆಯ ಪುಟದ ಮುಂದೆ
ಬರೀ ಅಂಟು, ಒಣಗಿದ ನೂಲು.
ಅಲ್ಲಿಯ ಕೊನೆಯ ಸಾಲು:
ಅಂಗಳದಲ್ಲಿ ಗಾಡಿ ಬಂದು ನಿಂತಿತ್ತು. ತುಂಗಾಬಾಯಿ

ಅಷ್ಟೇ. ಹೆಸರಿನ ಮುಂದೆ ಚುಕ್ಕಿಯೂ ಇಲ್ಲ.

ಮಧ್ಯಾಹ್ನ ಡಬ್ಬಿ ತೊಳೆದು ಬಂದು
ಎರ್ರೆಮ್ಮ ಪಕ್ಕದಲ್ಲಿ ಕೂತಳು. ಓದು ಬಾರದಾಕೆ.
"ಆಕಿ ಹೋಗೋದು ಎಲ್ಲೈತಿ ತೋರಿಸು."
ಚೀಲದಿಂದ ತೆಗೆದೆ. ಹೆಸರಿನ ಮೇಲೆ ಬೆರಳಿಟ್ಟೆ.
ನನ್ನ ಬೆರಳು ಸರಿಸಿ ತನ್ನದನ್ನು ಇಟ್ಟಳು,
ಒದ್ದೆ ಬೆರಳು, ಕಾಗದ ಉಬ್ಬಿತು.
"ಇಷ್ಟ ಸಣ್ಣಾಕಿನಾ?"
ಸ್ವಲ್ಪ ಹೊತ್ತು ಬಿಟ್ಟು:
"ಉಂಡು ಹೋದಳಾ?"

ಉಂಡು ಹೋದಳು ಎರ್ರೆಮ್ಮಕ್ಕ.
ಎರಡು ರೊಟ್ಟಿ, ಪುಂಡಿಪಲ್ಯ.
ಗಾಡಿಯಾಂವ ಕಾದ.